ಗೋಡೆಗೆ ಹಿಡಿದ ಗಾಜು

ಸೇಫ್ಟಿ ಪಿನ್ ಕೈಗೆ ಸಿಕ್ಕಾಗಲೆಲ್ಲ ಪರದೇಶದ ಲಿಟಲ್ ಎಲ್ಮ್ ಊರಿನ ನಮ್ಮ ಮನೆಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಆಗ ನನಗೆ ಏಳು ವರ್ಷ. ದೂರದ್ದು ಮಸುಕಾಗಿ ಕಾಣುತ್ತಿದ್ದುದರಿಂದ ನನ್ನ ಮೊದಲ ಕನ್ನಡಕ ಬಂದಿತ್ತು. ಹಾಕಿಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದೆ. ಅದೇ ದಿನ, ಮೈಸೂರಿನಿಂದ ಬಂದಿದ್ದ ಅಜ್ಜಿಯ ಕನ್ನಡಕದ ತಿರುಪು ಕಳಚಿ ಕಾರ್ಪೆಟ್ಟಿನೊಳಗೆ ಮಾಯವಾಯಿತು. ಒಂದು ಗಾಜು ಅವರ ಮಡಿಲಿಗೆ ಬಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದ ಅಜ್ಜಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿಕೊಂಡು ನನ್ನನ್ನು ಕರೆದರು. ಚೌಕಟ್ಟಿಗೆ ಕೊಬ್ಬರಿ ಎಣ್ಣೆಯ ವಾಸನೆಯಿತ್ತು.

“ಈ ಕಡ್ಡಿ ಕಿವಿಗೆ, ಈ ಮೆತ್ತೆ ಮೂಗಿಗೆ. ಕಣ್ಣಿಗೆ ಬೇಕಾಗಿರೋದು ಇದೊಂದೇ,” ಎಂದು ಗಾಜನ್ನು, ಹಿತ್ತಲ ಗಾಜಿನ ಬಾಗಿಲಿಗೆ ಎದುರಿದ್ದ ಗೋಡೆಯ ಹತ್ತಿರ ಹಿಡಿದರು.

ಗೋಡೆಯ ಮೇಲೆ ನಮ್ಮ ಹಿತ್ತಲು ಮೂಡಿತು, ಬಣ್ಣಬಣ್ಣವಾಗಿ, ತಲೆಕೆಳಗಾಗಿ. ಬೇಲಿಯ ಬಳಿ ಅಮ್ಮ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದಳು. ಬೆರಳುದ್ದದ ಅಮ್ಮ, ಅವಳ ಕೈಯಿಂದ ನೀರು ಮೇಲಕ್ಕೆ ಬೀಳುತ್ತಿತ್ತು.

“ನಿನ್ ಕಣ್ಣೊಳಗೂ ಚಿತ್ರ ಹೀಗೇ ಬೀಳತ್ತೆ ಮರಿ,” ಎಂದ ಅಜ್ಜಿ ಗಾಜನ್ನು ತುಸು ದೂರ ಸರಿಸಿದರು. ಅಮ್ಮ ಕಲಸಿಹೋದಳು. “ಆದ್ರೆ ಕಣ್ಣಿನ ಹಿಂದಿನ ಗೋಡೆ ಮುಟ್ಟೋಕೆ ಮುಂಚೆನೇ ನಿಂತುಬಿಡತ್ತೆ. ಕನ್ನಡಕ ಅದನ್ನ ಅಲ್ಲೀವರೆಗೂ ತಲುಪಿಸತ್ತೆ, ಅಷ್ಟೇ.”

ಅವರು ಗಾಜನ್ನು ಚೌಕಟ್ಟಿಗೆ ಕೂರಿಸಿ, ತಿರುಪಿನ ತೂತಿಗೆ ಪಿನ್ ಪೋಣಿಸುತ್ತಿರುವಾಗ ನಾನೇ ಡಬ್ಬಿ ತೆರೆದು ನನ್ನ ಕನ್ನಡಕ ಹಾಕಿಕೊಂಡೆ.

“ಅಮ್ಮ ಏನ್ ಮಾಡ್ತಿದಾಳೆ?” ಅಜ್ಜಿ ತಲೆಯೆತ್ತದೆ ಕೇಳಿದರು.

ಮುಚ್ಚಿದ ಗಾಜಿನ ಬಾಗಿಲಾಚೆ, ಅಷ್ಟು ದೂರದಲ್ಲಿ, ಅಮ್ಮನ ತುಟಿಗಳು ಅಲುಗುತ್ತಿದ್ದವು.

“ಶಿ ಈಸ್ ಸಿಂಗಿಂಗ್,” ಎಂದೆ.

ಅಮ್ಮ ಹಾಡುತ್ತಾಳೆಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.