ಪಸೆ ಇಲ್ಲದ ಕಣ್ಣು

ತೀರಿಹೋದ ತಾಯಿಯ ಬಟ್ಟೆಗಳನ್ನು ಬೀರುವಿನಿಂದ ಎಳೆದೆಳೆದು ಹಾಸಿಗೆಯ ಮೇಲೆ ಹಾಕುತ್ತಿದ್ದ ಅಕ್ಕ, ತಡೆಯಲಾರದೆ ಅಂದೇಬಿಟ್ಟಳು. "ಹೆತ್ತವಳು ಹೋದಳು, ನಿನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಬಂದವರೆಲ್ಲ ನೋಡಿದರು."

ತಮ್ಮ ಟೈಲರ್. ತಾನೇ ಹೊಲಿದುಕೊಟ್ಟಿದ್ದ ಅಮ್ಮನ ರವಿಕೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತಿದ್ದ. ಉತ್ತರ ಕೊಟ್ಟವಳು ಅವನ ಹೆಂಡತಿ.

"ಎಷ್ಟು ಸಲ ಹೇಳಲಿ ಅತ್ತಿಗೆ? ಇವರ ಕಣ್ಣೀರಿನ ಗ್ರಂಥಿನೇ ಬತ್ತಿಹೋಗಿದೆ. ಅಳು ಬಂದರೂ ನೀರು ಬರಲ್ಲ."

"ಅಳದೇ ಇರೋದಕ್ಕೂ ಡಾಕ್ಟರ್ ಸರ್ಟಿಫಿಕೇಟಾ?"

ಸಾವಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ಹೇಳಿ ಹೆಂಡತಿಯ ಬಾಯಿ ಸೋತಿತ್ತು. "ಕಣ್ಣೀರು ಅಂದ್ರೆ ಬರೀ ಉಪ್ಪುನೀರಲ್ಲ. ಅದರಲ್ಲಿ ಒಂಥರಾ ಪ್ರೋಟೀನ್ ಇರುತ್ತೆ. ಕಣ್ಣಿಗೆ ಬಿದ್ದ ರೋಗಾಣುವಿನ ಗೋಡೆನೇ ಒಡೆದುಹಾಕುತ್ತೆ. ದುಃಖ ಇರಲಿ ಬಿಡಲಿ, ದಿನವಿಡೀ ಕಾವಲು ಕಾಯುತ್ತೆ. ಇವರಿಗೆ ಆ ಕಾವಲೇ ಇಲ್ಲ. ಎಡಗಣ್ಣು ಕೀವಾಗಿ ಕಲೆ ಕಟ್ಟಿದ್ದು ಅದಕ್ಕೇ. ಈಗ ಸೂಜಿಗೆ ದಾರ ಪೋಣಿಸೋಕೂ ನಾನೇ ಬೇಕು."

"ಮನಸ್ಸಿದ್ರೆ ಕಲ್ಲೂ ಕರಗುತ್ತೆ," ಎಂದು ಅಕ್ಕ ಬೀರುವಿನ ಮೇಲಿನ ಅರೆಯನ್ನು ಕೈಯಿಂದ ಕೊಡವಿದಳು. ಧೂಳೆದ್ದಿತು. ತಮ್ಮ ಮುಖ ಹಿಂಡಿ ಕಣ್ಣು ಮುಚ್ಚಿಕೊಂಡ. ಅವಳು ಬಟ್ಟೆಯ ಗಂಟೊಂದನ್ನು ಹೊತ್ತು ಹೊರಗೆ ಹೋದಳು.

"ಗೋಡೆಗೆ ಹೇಳಿದ್ರೆ ಅದಾದರೂ ಕೇಳಿಸಿಕೊಳ್ತಿತ್ತು," ಎಂದು ಗೊಣಗುತ್ತ ಹೆಂಡತಿ ಕೈ ತೊಳೆದು ಬಂದು, ಗಂಡನ ತಲೆಯನ್ನು ಹಿಂದಕ್ಕೆ ಬಾಗಿಸಿ ಎರಡೂ ಕಣ್ಣಿಗೆ ಔಷಧಿ ಬಿಟ್ಟಳು.

ಅಕ್ಕ ವಾಪಸು ಬಂದಾಗ ಕಂಡದ್ದು ಇಷ್ಟೇ: ತಮ್ಮನ ಮಡಿಲಲ್ಲಿ ಅಮ್ಮನ ರವಿಕೆ, ಕೆನ್ನೆಯ ಮೇಲೆ ಇಳಿಯುತ್ತಿರುವ ನೀರು. ಅವಳು ಅವನ ಎದುರು ಕುಸಿದು, "ಅಂತೂ ಬಂತಲ್ಲೋ. ಅಳು ಪುಟ್ಟಾ, ಅತ್ತುಬಿಡು," ಎನ್ನುತ್ತ ಧೂಳು ಮೆತ್ತಿದ ಅಂಗೈಯಿಂದಲೇ ಅವನ ಕಣ್ಣೊರೆಸಿದಳು.

"ಮುಟ್ಟಬೇಡಿ ಅತ್ತಿಗೆ, ಅದು..." ಹೆಂಡತಿ ಮುಂದೆ ಬಂದಳು. ತಮ್ಮ ಕೈಯೆತ್ತಿ ಅವಳನ್ನು ತಡೆದ.

ಅಕ್ಕ ಅತ್ತು ಹಗುರಾಗಿ, ಮುಖ ತೊಳೆಯಲು ಎದ್ದುಹೋದಳು. ಹೆಂಡತಿ ಸಿಡುಕಿದಳು. "ಇನ್ನೊಂದು ಕಣ್ಣೂ ಹೋಗಬೇಕಾ ನಿಮಗೆ? ಔಷಧಿ ಅಂತ ಹೇಳೋಕೆ ಏನಾಗಿತ್ತು?"

"ನಾಳೆ ಹೇಳಿದರಾಯ್ತು," ಎಂದು ಅವನು ತಾನಾಗಿಯೇ ತಲೆ ಹಿಂದಕ್ಕೆ ಬಾಗಿಸಿದ. "ಹನಿ ಹಾಕೋದಕ್ಕೆ ನೀನಿದೀಯ. ಒರೆಸೋಕೆ ಅಂತ ಒಬ್ಬರು ಬಂದು ಎಷ್ಟು ಕಾಲ ಆಗಿತ್ತು."