ಎರಡು ಬಾಟಲಿ ಹಿಟ್ಟು

"ಟೋಕನ್ ನಲವತ್ತೊಂದು!" ಎಂದು ಮೈಕಿನಲ್ಲಿ ಕೂಗಿದ ಕೂಡಲೇ ಸುಗುಣಾ ಎದ್ದಳು. ಪಕ್ಕದಲ್ಲಿದ್ದ ಗಂಡ ರಘುರಾಮ ಭಟ್ಟರು ಅವಳ ಕೈಚೀಲದ ಹಿಡಿ ಬಿಡಲಿಲ್ಲ.

"ಬೇಡ ಮಾರಾಯ್ತಿ. ನಮ್ಮ ಬೋರ್‌ವೆಲ್ ನೀರು ಹಾಳು ಅಂತ ನೀನೇ ಊರಿಗೆಲ್ಲ ಹೇಳಿದ್ರೆ ನಾಳೆ ಹೋಟೆಲಿಗೆ ಯಾರು ಬರ್ತಾರೆ?"

"ನಾವು ಕ್ಯಾನ್ ನೀರು ತರಿಸ್ಲಿಕ್ಕೆ ಶುರು ಮಾಡಿದೆವು. ಹಿಂದಿನ ಬೀದಿಯವರು ಎಂತ ಮಾಡುದು? ಅವರು ಈಗ್ಲೂ ಬೋರಿನ ನೀರೇ ಕುಡಿಯುದಲ್ವಾ?"

ಭಟ್ಟರು ಹಿಡಿ ಬಿಟ್ಟರು.

ಚೆನ್ನೈಯ ಅಂಬತ್ತೂರಿನ ಆ ಮದುವೆ ಮಂಟಪದಲ್ಲಿ ಅಂದು ರಾಸಾಯನಿಕ ಕಾರ್ಖಾನೆಯೊಂದರ ವಿಸ್ತರಣೆಗೆ ಜನರ ಅಭಿಪ್ರಾಯ ಕೇಳುವ ಸಭೆ. ಕಾರ್ಖಾನೆಯವರ ವರದಿ ಮುನ್ನೂರು ಪುಟ, ಜನರಿಗೆ ತಲಾ ಮೂರು ನಿಮಿಷ. ಬೆಳಿಗ್ಗೆಯಿಂದ ಕೇಳಿ ಕೇಳಿ ವೇದಿಕೆಯ ಮೇಲಿನ ಅಧಿಕಾರಿಗೆ ತೂಕಡಿಕೆ ಬಂದಿತ್ತು. ಸುಗುಣಾ ಎರಡು ಗಾಜಿನ ಬಾಟಲಿ ತೆಗೆದು ಅವರ ಮುಂದಿಟ್ಟಳು. ಒಂದರಲ್ಲಿ ಇಡ್ಲಿ ಹಿಟ್ಟು ಉಬ್ಬಿ ಮುಚ್ಚಳದ ಸಂದಿಯಿಂದ ಸೋರುತ್ತಿತ್ತು. ಇನ್ನೊಂದರಲ್ಲಿ ಅದು ತಳ ಬಿಟ್ಟು ಎದ್ದಿರಲಿಲ್ಲ.

"ಅಕ್ಕಿ ಒಂದೇ, ಉದ್ದು ಒಂದೇ, ರುಬ್ಬಿದ ಹೊತ್ತೂ ಒಂದೇ, ಸಾರ್," ಎಂದಳು, ಮೂವತ್ತು ವರ್ಷ ಹೋಟೆಲಿನಲ್ಲಿ ಕಲಿತ ತಮಿಳಿನಲ್ಲಿ. "ಉಬ್ಬಿದ್ದು ಈಗ ನಾವು ಅಡುಗೆಗೆ ತರಿಸುವ ಕ್ಯಾನ್ ನೀರಿನದ್ದು, ಉಬ್ಬದ್ದು ನಮ್ಮ ಬೋರ್‌ವೆಲ್ಲಿನದ್ದು. ಕಾರ್ಖಾನೆಯವರು ಹಿಂದುಗಡೆ ಹೊಂಡ ತೋಡಿ ಕೊಳೆನೀರು ಬಿಟ್ಟ ಮೇಲೆ ಹೀಗಾದದ್ದು."

"ಲ್ಯಾಬ್ ರಿಪೋರ್ಟ್ ಇದೆಯಾ?"

"ಅದನ್ನು ಮಾಡಿಸಬೇಕಾದವರು ನೀವಲ್ಲವಾ, ಸಾರ್?"

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಅಧಿಕಾರಿ ಮೊದಲ ಸಲ ನೆಟ್ಟಗೆ ಕೂತು, "ಹೋಟೆಲಿನ ಹೆಸರು, ವಿಳಾಸ ಹೇಳಿ," ಎಂದರು. ಆವರೆಗೆ ಮಾತಾಡಿದ ನಲವತ್ತು ಜನರಲ್ಲಿ ಯಾರನ್ನೂ ಅವರು ವಿಳಾಸ ಕೇಳಿರಲಿಲ್ಲ. ಸುಗುಣಾಗೆ ಹಿಡಿಸಲಾರದಷ್ಟು ಖುಷಿ. ಗುಮಾಸ್ತ ಬರೆದುಕೊಳ್ಳಲೆಂದು ಎರಡೆರಡು ಸಲ ಬಿಡಿಸಿ ಹೇಳಿದಳು. ಆಮೇಲೆ ಮನೆಯಲ್ಲಿ ದಿನಾ ಅದೇ ಮಾತು: "ಎಷ್ಟು ಸರಿಯಾಗಿ ಬರ್ಕೊಂಡ್ರು ನೋಡಿ!"

ಹನ್ನೆರಡನೆಯ ದಿನ ಮಧ್ಯಾಹ್ನ ಒಬ್ಬರು ಫೈಲು ಹಿಡಿದು ಬಂದರು. ನೀರಿನ ಸ್ಯಾಂಪಲ್ ಒಯ್ಯಲು ಬಂದವರೆಂದು ಸುಗುಣಾ ಬಾಟಲಿ ತೊಳೆದುಕೊಂಡು ಓಡಿ ಬಂದಳು. ಅವರು ಆಹಾರ ಇಲಾಖೆಯವರು. ಗೋಡೆಗೆ ನೋಟಿಸ್ ಅಂಟಿಸಿದರು. ನೀರು ಕಲುಷಿತವಾಗಿದೆಯೆಂದು ಮಾಲೀಕರೇ ಸಾರ್ವಜನಿಕ ಸಭೆಯಲ್ಲಿ ಒಪ್ಪಿಕೊಂಡಿರುವುದರಿಂದ ಮುಂದಿನ ಆದೇಶದವರೆಗೆ ಹೋಟೆಲ್ ಮುಚ್ಚತಕ್ಕದ್ದು.

"ಅಡುಗೆಗೆ ನಾವು ಕ್ಯಾನ್ ನೀರೇ ಬಳಸುವುದು, ಸಾರ್. ಸಭೆಯಲ್ಲೇ ಹೇಳಿದ್ದೆನಲ್ಲ!"

"ಈ ಫೈಲಿನಲ್ಲಿ ಹಾಗೆ ಬರೆದಿಲ್ಲ, ಅಮ್ಮಾ."

"ಮತ್ತೆ ಕಾರ್ಖಾನೆ?"

"ಅದು ನಮ್ಮ ಇಲಾಖೆಯಲ್ಲ."

ಸುಗುಣಾ ಬಾಟಲಿ ಹಿಡಿದುಕೊಂಡೇ ನಿಂತಳು. ಭಟ್ಟರು ಹೆಂಡತಿಯನ್ನು ಬೈಯಲಿಲ್ಲ. ಬಿಸಿಲಿನಲ್ಲಿ ಬಂದು ಬೆಂಚಿನ ಮೇಲೆ ಕುಸಿದಿದ್ದ ಆಹಾರ ಇಲಾಖೆಯವರನ್ನು ನೋಡಿ, ಇಷ್ಟು ವರ್ಷದ ಅಭ್ಯಾಸದಂತೆ ಒಳಗೆ ಹೋಗಿ ಒಂದು ಕಾಫಿ ತಂದಿಟ್ಟರು.

ಬಂದವರು ಕೈಗೆ ಹತ್ತಿದ್ದ ನೋಟಿಸಿನ ಅಂಟು ಒರೆಸಿಕೊಂಡು ಲೋಟ ಎತ್ತಿದರು. ತುಟಿಯವರೆಗೆ ತಂದು ತಡೆದರು.

"ಕ್ಯಾನ್ ನೀರಿನದ್ದು ತಾನೇ, ಸಾಮಿ?"