ರೊಟ್ಟಿ ಬಡಿಯುವ ಹೊತ್ತು

ಹಗಲಿನ ಬಿಸಿಲು ಮನುಷ್ಯರನ್ನು ಸುಡತೊಡಗಿದ ಮೇಲೆ ಊರಿಗೆ ಊರೇ ಬೆಟ್ಟದೊಳಗೆ ಸೇರಿಕೊಂಡಿತ್ತು. ಹಿಂದೆ ಬೌದ್ಧ ಭಿಕ್ಷುಗಳು ಗುಹೆ ಕೊರೆದ ರೀತಿಯೇ ಇಲ್ಲಿಯೂ: ನಡುವೆ ಎಲ್ಲರಿಗೂ ಸೇರಿ ದೊಡ್ಡ ಪಡಸಾಲೆ, ಸುತ್ತ ಒಬ್ಬೊಬ್ಬರಿಗೆ ಮೈಚಾಚುವಷ್ಟು ಕೋಣೆ. ಅದಕ್ಕಿಂತ ಒಂದು ಬೆರಳು ಹೆಚ್ಚು ಕೊರೆಯುವಂತಿಲ್ಲ.

ನೀಲವ್ವ ಕೊರೆಯುತ್ತಿದ್ದಳು. ಪಡಸಾಲೆಯಲ್ಲಿ ಹತ್ತಾರು ಕೈಗಳು ರೊಟ್ಟಿ ಬಡಿಯುವಾಗ ಉಳಿಯ ಸದ್ದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಟ್ರಂಕು ಇಡಲು ಜಾಗವಾದರೆ ಸಾಕೆಂದು ಶುರುಮಾಡಿದ್ದಳು. ಈಗ ಮಂಚವೇ ಹಿಡಿಸುತ್ತಿತ್ತು.

ಬೆವರು ಒರೆಸಿಕೊಳ್ಳಲು ಕೈ ನಿಲ್ಲಿಸಿದಳು. ಟಕ್ ಟಕ್ ಸದ್ದು ಮಾತ್ರ ನಿಲ್ಲಲಿಲ್ಲ. ಅದು ಗೋಡೆಯ ಆಚೆಯಿಂದ, ಪಕ್ಕದ ಕೋಣೆಯಿಂದ ಬರುತ್ತಿತ್ತು.

"ಯಮನಪ್ಪಾ, ನೀನೂ ಕಡ್ಯಾಕತ್ತಿಯೇನೋ?"

ಸದ್ದು ನಿಂತಿತು. "ಯಕ್ಕಾ... ನಿನ್ನ ದನಿ ಬಗಲಾಗ ಕುಂತು ಮಾತಾಡಿದಂಗ ಕೇಳಾಕತ್ತೈತಿ."

ಇಬ್ಬರ ನಡುವೆ ಉಳಿದದ್ದು ರೊಟ್ಟಿಯಷ್ಟು ತೆಳು ಕಲ್ಲು. ಅದರಲ್ಲಿ ಕೂದಲೆಳೆಯಂಥ ಬಿರುಕೊಂದು ಮೆಲ್ಲಗೆ ಸೂರಿನತ್ತ ಏರುತ್ತಿತ್ತು. ನೀಲವ್ವ ಉಳಿ ಬಿಸುಟು ಪಡಸಾಲೆಗೆ ಓಡಿದಳು.

"ಬೆಟ್ಟ ಬಿರಿಯಾಕತ್ತೈತಿ, ರೊಟ್ಟಿ ಬಿಡ್ರೀ!"

ಎಲ್ಲ ಕೈಗಳೂ ಒಮ್ಮೆಗೇ ನಿಂತವು. ಆ ಮೌನದಲ್ಲಿ, ಸುತ್ತಲಿನ ಒಂದೊಂದು ಕೋಣೆಯಿಂದಲೂ ಕೇಳಿಸಿತು: ಟಕ್, ಟಕ್, ಟಕ್.